ಅಳತೆಗೆ ನಿಂತವರು

"ಇಪ್ಪತ್ತಾರು ವರ್ಷದ ಸಂಸಾರ ಕಣ್ರೀ ಇದು! ನಿಮ್ಮ ಫೋನಿನಲ್ಲಿ ಊರಿನ ಗೋಡೆಗಳೆಲ್ಲ ಇದಾವೆ. ನನ್ನದು ಇರೋದು ಒಂದೇ ಒಂದು ಫೋಟೊ. ಅದೂ ಬಚ್ಚಲ ಗೋಡೆ ಪಕ್ಕ ಅಳತೆಗೆ ನಿಲ್ಲಿಸಿ ತೆಗೆದದ್ದು!"

ಕನ್ನಡಿಯ ಮುಂದೆ ನಿಂತು ಹೆಂಡತಿ ಹೀಗೆಂದಾಗ ಮೇಸ್ತ್ರಿ ಮಂಚದ ಕೆಳಗೆ ತಲೆ ಹಾಕಿ ಚಪ್ಪಲಿ ಹುಡುಕುತ್ತಿದ್ದ. ಉತ್ತರವಿಲ್ಲದ ಪ್ರಶ್ನೆಗಳು ಬಂದಾಗ ಗಂಡಸರಿಗೆ ಮಂಚದ ಅಡಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

"ಅದು ಒಳ್ಳೇ ಫೋಟೊನೇ ಕಣೇ," ಎಂದು ಅಲ್ಲಿಂದಲೇ ಹೇಳಿದ. "ಬೆಳಕು ಚೆನ್ನಾಗಿತ್ತು. ಗೋಡೆದು ಒಂದೊಂದು ಗೆರೆನೂ ಬಂದಿದೆ."

"ಗೋಡೆ ಬಂದಿದೆ. ನಾನು?"

"ನೀನೂ ಬಂದಿದೀಯ. ಐದಡಿ ಎರಡಂಗುಲ."

ಇದಕ್ಕೆ ಅವಳು ಕೊಟ್ಟ ಉತ್ತರ, ಬಾಚಣಿಗೆ ಬಾಯಲ್ಲಿದ್ದುದರಿಂದ, ಯಾರಿಗೂ ತಿಳಿಯಲಿಲ್ಲ. ಒಳ್ಳೆಯದೇ ಆಯಿತು.

ಮೇಸ್ತ್ರಿಯ ತಪ್ಪೇನೂ ಇರಲಿಲ್ಲ. ಅದು ಅವನ ಉದ್ಯೋಗ. ಪುರಸಭೆಯ ದುರಸ್ತಿ ವಿಭಾಗದಲ್ಲಿ ಹದಿನೈದು ವರ್ಷದಿಂದ ಸೋರುವ ಗೋಡೆಗಳನ್ನು ನೋಡಿಕೊಳ್ಳುವವನು ಅವನು. ಕಚೇರಿ, ಶಾಲೆ, ನೌಕರರ ವಸತಿ, ಎಲ್ಲಿ ಗೋಡೆ ಅತ್ತರೂ ಮೇಸ್ತ್ರಿ ಹೋಗಿ ಕಣ್ಣೊರೆಸಬೇಕು. ಒರೆಸಿದ್ದಕ್ಕೆ ಸಾಕ್ಷಿಯಾಗಿ ಎರಡು ಫೋಟೊ: 'ಮುಂಚೆ', 'ಆಮೇಲೆ'. ಎರಡರಲ್ಲೂ ಗೋಡೆಯ ಪಕ್ಕ ಅಳತೆಗೆಂದು ಒಬ್ಬ ಮನುಷ್ಯ ನಿಂತಿರಲೇಬೇಕು ಎಂಬುದು ನಿಯಮ. ಅಳತೆಪಟ್ಟಿ ಸುಳ್ಳು ಹೇಳಬಹುದು, ಮನುಷ್ಯ ಹೇಳಲಾರ ಎಂದು ಆ ನಿಯಮ ಬರೆದ ಪುಣ್ಯಾತ್ಮ ನಂಬಿದ್ದ. ಅವನು ಮನುಷ್ಯರನ್ನು ಹೆಚ್ಚಾಗಿ ಕಂಡಿರಲಿಲ್ಲವೆಂದು ತೋರುತ್ತದೆ.

ಏಕೆಂದರೆ ಹೋದ ವಾರ ನಮ್ಮ ಮೇಸ್ತ್ರಿಯೇ ಒಂದು ಸುಳ್ಳು ಹೇಳಿದ್ದ.

ಪುರಭವನದ ದೊಡ್ಡ ಕೋಣೆಯಲ್ಲಿ ಒಂದು ಗೋಡೆ ಸೋರುತ್ತಿತ್ತು. 'ಮುಂಚೆ' ಫೋಟೊ ತೆಗೆದು ಏಣಿ ತರುವಷ್ಟರಲ್ಲಿ ಅಲ್ಲಿ ಚಿತ್ರಪ್ರದರ್ಶನದ ಸಿದ್ಧತೆಯ ಗದ್ದಲ ಶುರುವಾಗಿತ್ತು. ಏಣಿ ಒಳಗೆ ಬಿಡಲಿಲ್ಲ. ಫೈಲು ಅಂದೇ ಮುಗಿಯಬೇಕಿತ್ತು. ಮೇಸ್ತ್ರಿ ತಲೆ ಕೆರೆದುಕೊಂಡು, ಕಾವಲುಗಾರನನ್ನು ಪಡಸಾಲೆಯ ಒಣಗೋಡೆಗೆ ಒರಗಿಸಿ 'ಆಮೇಲೆ' ತೆಗೆದು, 'ದುರಸ್ತಿ ಪೂರ್ಣ' ಎಂದು ರುಜು ಹಾಕಿಬಿಟ್ಟ. ಬಿಳಿಗೋಡೆಗೆ ಗುರುತೇನು ಮಣ್ಣು! ಆದರೆ ಹೋದ ವರ್ಷ ಇಂಥದೇ ಒಂದು ಫೋಟೊ ಕೊಟ್ಟ ಪಕ್ಕದ ವಿಭಾಗದವನನ್ನು ಕೆಲಸದಿಂದಲೇ ತೆಗೆದುಹಾಕಿದ್ದರು. ಅಂದಿನಿಂದ ಮೇಸ್ತ್ರಿಗೆ ನಿದ್ದೆಯಲ್ಲೂ ತೊಟತೊಟ ಸದ್ದು.

ಈಗ ಅದೇ ಪ್ರದರ್ಶನಕ್ಕೆ ಹೊರಟಿದ್ದರು. ಹೆಂಡತಿಯ ತಮ್ಮ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯವನು. ಆದ್ದರಿಂದ ಊರಿನ ಕಲಾಪ್ರಪಂಚವೆಲ್ಲ ತನ್ನ ನಾಲ್ಕು ಪಟ್ಟಿಗಳ ನಡುವೆಯೇ ಇದೆ ಎಂಬ ಭಾವನೆ ಅವನದು. ಪುರಭವನದ ಬಾಗಿಲಲ್ಲೇ ಭಾವನಿಗೆ ಪಾಠ ಹೇಳಿದ.

"ಭಾವ, ದಮ್ಮಯ್ಯ, ಇವತ್ತೊಂದಿನ ಬಾಯಿ ಬಿಡಬೇಡಿ. ಯಾರಾದ್ರೂ ಕೇಳಿದ್ರೆ ಹೀಗೆ ಗಲ್ಲದ ಮೇಲೆ ಕೈ ಇಟ್ಕೊಂಡು, 'ಆಳ ಇದೆ' ಅನ್ನಿ. ಅಷ್ಟೇ ಸಾಕು."

"ಆಳ ಇಲ್ದಿದ್ರೆ?"

"ಇರುತ್ತೆ ಭಾವ. ಎಲ್ಲದಕ್ಕೂ ಇರುತ್ತೆ."

ಚಿತ್ರ ಬರೆದವಳು ಇಸ್ತ್ರಿ ಅಜ್ಜಿ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು. ಬಿಳಿ ಬಟ್ಟೆಯ ಮೇಲೆ ಆವಿ ಏಳುವಾಗ ತನಗೆ ಏನೇನೋ ಕಾಣುತ್ತದೆ ಎಂದು ಅವಳು ಹೇಳಿದರೆ ಜೊತೆಯವರು ನಗುತ್ತಿದ್ದರು. ನಿವೃತ್ತಿಯಾದ ಮೇಲೆ ಅವಳು ಹಳೆಯ ಹಾಸುಬಟ್ಟೆಗಳನ್ನು ಒಂದಕ್ಕೊಂದು ಹೊಲಿದು, ಕಂಡದ್ದನ್ನೆಲ್ಲ ಬರೆಯತೊಡಗಿದಳು. ಈಗ ನಗುತ್ತಿದ್ದವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ನೋಡಲು ಬಂದಿದ್ದರು.

ಮೇಸ್ತ್ರಿ ಬಂದದ್ದು ಚಿತ್ರ ನೋಡಲಿಕ್ಕಲ್ಲ, ತನ್ನ ಗೋಡೆಯನ್ನು ನೋಡಲಿಕ್ಕೆ. ಒಂದು, ಎರಡು, ಮೂರು ಎಂದು ಚಿತ್ರಗಳ ಪಕ್ಕದ ಚೀಟಿಗಳನ್ನು ದಾಟಿಕೊಂಡು ಓಡುತ್ತಿದ್ದವನು ಏಳನೆಯದರ ಮುಂದೆ ತಟ್ಟನೆ ನಿಂತ.

ಕಡಲು. ಆದರೆ ಮಲಗಿದ ಕಡಲಲ್ಲ. ಗೋಡೆಯ ಹಾಗೆ ನೆಟ್ಟಗೆ ಎದ್ದು ನಿಂತ ಕಡಲು. ನೆಲದಿಂದ ಚಾವಣಿಯವರೆಗೂ ನೀಲಿ ನೀರು, ನೀರಿನೊಳಗೆ ಸಾವಿರ ಕಿಟಕಿಗಳು. ಒಂದೊಂದು ಕಿಟಕಿಯಲ್ಲೂ ಬೇರೆ ಬೇರೆ ಹೊತ್ತು. ಒಂದರಲ್ಲಿ ಬೆಳಗಿನ ಜಾವ, ಒಂದರಲ್ಲಿ ಸುಡುವ ಮಧ್ಯಾಹ್ನ, ಇನ್ನೊಂದರಲ್ಲಿ ದೀಪ ಹಚ್ಚುವ ಹೊತ್ತು. ಎಲ್ಲ ಹೊತ್ತುಗಳೂ ಒಟ್ಟಿಗೇ ಇದ್ದವು, ಯಾವುದಕ್ಕೂ ಅವಸರವಿರಲಿಲ್ಲ.

ಮೇಸ್ತ್ರಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. 'ಇಷ್ಟೊಂದು ನೀರು!' ಎಂದುಕೊಂಡ. 'ಒಂದು ತೊಟ್ಟೂ ಸೋರಿಲ್ಲ!'

ಹದಿನೈದು ವರ್ಷ ನೀರಿನೊಡನೆ ಜಗಳವಾಡಿದ ಮನುಷ್ಯನಿಗೆ, ನೀರನ್ನು ಹೀಗೆ ಎಬ್ಬಿಸಿ ನಿಲ್ಲಿಸಬಹುದೆಂದು ಯಾರೂ ಹೇಳಿರಲಿಲ್ಲ. ಅವನ ಕಣ್ಣು ಮಂಜಾಯಿತು. ಒರೆಸಿಕೊಂಡು ಪಕ್ಕಕ್ಕೆ ತಿರುಗಿದ.

ಪಕ್ಕದಲ್ಲೇ ಇತ್ತು ಅವನ ಗೋಡೆ. ಹೋದ ವಾರ ತಟ್ಟೆಯಷ್ಟಿದ್ದ ಒದ್ದೆ ಈಗ ಬಾಗಿಲಿನಷ್ಟಾಗಿ, ಕಂದು, ಹಸಿರು, ಬೂದಿ ಬಣ್ಣಗಳಲ್ಲಿ ಕವಲೊಡೆದು ಹರಡಿತ್ತು. ಅದಕ್ಕಿಂತ ವಿಚಿತ್ರವೆಂದರೆ ಅದರ ಪಕ್ಕ ಅಚ್ಚುಕಟ್ಟಾಗಿ ಒಂದು ಚೀಟಿ: '೮. ಒಳಗಿಂದ ಬಂದದ್ದು'.

ಚೀಟಿಗಳನ್ನು ಬೆಳಿಗ್ಗೆಯೇ ಅಂಟಿಸಿದ್ದರು. ಎಂಟನೆಯ ಚಿತ್ರ ಇನ್ನೂ ಬಂದಿರಲಿಲ್ಲ. ಆ ಸಂಗತಿ ಮೇಸ್ತ್ರಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ಪುರುಸೊತ್ತೂ ಇಲ್ಲ. ಕೋಣೆಯ ಆ ತುದಿಯಲ್ಲಿ ಅವನ ಮೇಲಧಿಕಾರಿ, ಪುರಸಭೆಯ ದೊಡ್ಡ ಇಂಜಿನಿಯರು ಚಹಾ ಕುಡಿಯುತ್ತ ನಿಂತಿದ್ದರು. ಮೇಸ್ತ್ರಿ ಸರಕ್ಕನೆ ಒದ್ದೆಗೆ ಅಡ್ಡ ನಿಂತ, ಎರಡೂ ಕೈ ಸೊಂಟದ ಮೇಲಿಟ್ಟು, ಆದಷ್ಟೂ ಅಗಲವಾಗಿ. ಆದರೆ ದೇವರು ಅವನಿಗೆ ಕೊಟ್ಟದ್ದು ಒಂದೂವರೆ ಅಡಿ ಅಗಲ. ಸೋರಿಕೆಗೆ ಕೊಟ್ಟದ್ದು ಮೂರೂವರೆ.

"ಏನ್ ಭಾವ, ಅರ್ಧ ಗಂಟೆಯಿಂದ ಒಂದೇ ಚಿತ್ರದ ಮುಂದೆ?" ಭಾವಮೈದುನ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಚೀಟಿ ನೋಡಿದ, ಗೋಡೆ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ. "ಓಹೋ! ಎಂಟನೇದು ಇನ್ನೂ ಹಸಿ ಇದೆ, ಕೊನೇ ಗಳಿಗೇಲಿ ಬರುತ್ತೆ ಅಂತ ಅಜ್ಜಿ ಹೇಳಿ ಕಳಿಸಿದ್ರು. ನೋಡಿ, ಗೋಡೆ ಮೇಲೇ ಬರೆದುಬಿಟ್ಟಿದಾರೆ!" ಆಮೇಲೆ ಸ್ವಲ್ಪ ನೊಂದ ದನಿಯಲ್ಲಿ, "ಕಟ್ಟೂ ಬೇಡ ಅಂತ," ಎಂದ.

ನಿವೃತ್ತ ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿಕೊಂಡರು. "ನಿಮಗೇನು ಅನ್ನಿಸುತ್ತೆ ಇದರಲ್ಲಿ?" ಎಂದು ಮೇಸ್ತ್ರಿಯನ್ನೇ ಕೇಳಿದರು, ತರಗತಿಯಲ್ಲಿ ಕೊನೆಯ ಬೆಂಚಿನವನನ್ನು ಎಬ್ಬಿಸುವ ಹಾಗೆ.

ಮೇಸ್ತ್ರಿಗೆ 'ಆಳ ಇದೆ' ಎಂಬುದು ಮರೆತೇಹೋಯಿತು. ಹೆದರಿದ ಮನುಷ್ಯ ತನಗೆ ಗೊತ್ತಿರುವುದನ್ನು ಮಾತ್ರ ಹೇಳುತ್ತಾನೆ.

"ಇದು... ಮೇಲಿಂದ ಬಂದಿದ್ದಲ್ಲ ಮೇಡಂ. ಎಲ್ಲರೂ ಮೇಲಿಂದ ಅಂದ್ಕೋತಾರೆ. ಇದು ಒಳಗೇ ಇದ್ದದ್ದು. ಎಷ್ಟೋ ದಿನ ಒಳಗೊಳಗೇ ತಡ್ಕೊಂಡಿರುತ್ತೆ. ಹೊರಗೆ ಸುಣ್ಣಬಣ್ಣ, ಯಾರಿಗೂ ಗೊತ್ತಾಗಲ್ಲ. ಇನ್ನು ತಡೆಯೋಕೆ ಆಗಲ್ಲ ಅನ್ನೋ ದಿನ, ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಬರುತ್ತೆ."

ಮುಖ್ಯೋಪಾಧ್ಯಾಯಿನಿ ಸೆರಗಿನಿಂದ ಮೂಗು ಒತ್ತಿಕೊಂಡರು. "ಮೂವತ್ತೈದು ವರ್ಷ," ಎಂದರು. ಏನು ಮೂವತ್ತೈದು ವರ್ಷ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

"ಭಾವಾ!" ಎಂದ ಭಾವಮೈದುನ. ಕೋಣ ಕಿನ್ನರಿ ನುಡಿಸಿದ್ದನ್ನು ಕಂಡವನ ಮುಖ ಅವನದು.

ಜನ ಸೇರಿತು. ಜನ ಸೇರಿದ್ದಕ್ಕೆ ಇನ್ನಷ್ಟು ಜನ ಸೇರಿತು. ಹಿಂದಿನವರಿಗಾಗಿ ಮೇಸ್ತ್ರಿ ಮತ್ತೆ ಹೇಳಬೇಕಾಯಿತು. ಔಷಧಿ ಅಂಗಡಿಯವರು ಹಸಿರು ಭಾಗದ ಅರ್ಥವೇನೆಂದು ಕೇಳಿದರು. "ಗಾಳಿ ಬೆಳಕು ಸಿಗದಿದ್ರೆ ಹಂಗಾಗುತ್ತೆ ಸ್ವಾಮಿ," ಎಂದ. ಸುತ್ತ ನಾಲ್ಕು ತಲೆ ಅಲ್ಲಾಡಿದವು; ಒಂದು ಎಳೆ ವಯಸ್ಸಿನ ಜೋಡಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿತು. "ಇದಕ್ಕೆ ಪರಿಹಾರ?" ಎಂದರು ಯಾರೋ. "ಮೊದಲು ಪೂರ್ತಿ ಕೆರೆದು ಹಾಕ್ಬೇಕು. ಮೇಲೆ ಬಳಿದ್ರೆ ಮತ್ತೆ ಬರುತ್ತೆ." ಬ್ಯಾಂಕಿನ ಗುಮಾಸ್ತ ಅದನ್ನು ಬರೆದುಕೊಂಡ.

ಹೆಂಡತಿ ಮಾತ್ರ ಗುಂಪಿನ ಹಿಂದೆ ಕೈಕಟ್ಟಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಆ ಮಾತುಗಳನ್ನು ಅವಳು ಬಚ್ಚಲಮನೆಯಲ್ಲಿ ಕೇಳಿದ್ದಳು.

ಅಷ್ಟರಲ್ಲಿ ಗುಂಪು ಸೀಳಿಕೊಂಡು ಬಂದರು ದೊಡ್ಡ ಇಂಜಿನಿಯರು.

"ಏನ್ರೀ ಇದು, ಒದ್ದೆ ಇದ್ದ ಹಾಗಿದೆಯಲ್ಲ?"

ಮೇಸ್ತ್ರಿಯ ನಾಲಿಗೆ ಒಣಗಿತು. ಇಡೀ ಕೋಣೆಯಲ್ಲಿ ಒಣಗಿದ್ದದ್ದು ಅದೊಂದೇ.

"ಸರ್!" ಎಂದು ಭಾವಮೈದುನ ನೊಂದು ನುಡಿದ. "ಹಸಿ ಬಣ್ಣ ಸರ್ ಅದು. ಜೀವಂತ ಇದೆ." ಸುತ್ತಲಿನವರು ಇಂಜಿನಿಯರನ್ನು ಮೇಲಿಂದ ಕೆಳಗೆ ನೋಡಿದರು. ಮುಖ್ಯೋಪಾಧ್ಯಾಯಿನಿ, "ಕೆಲವರಿಗೆ ಗೋಡೆ ಮಾತ್ರ ಕಾಣುತ್ತೆ," ಎಂದು ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಹೇಳಿದರು.

ಇಂಜಿನಿಯರು ಕೆಮ್ಮಿದರು. ಕೈ ತಾನಾಗಿ ಗಲ್ಲದ ಮೇಲೆ ಹೋಯಿತು. "ಹೌದೌದು. ಆಳ ಇದೆ."

"ಒಂದೂವರೆ ಅಂಗುಲ ಸರ್," ಎಂದುಬಿಟ್ಟ ಮೇಸ್ತ್ರಿ, ಹದಿನೈದು ವರ್ಷದ ರೂಢಿಯಿಂದ.

ಅಲ್ಲಿಗೆ ಮುಗಿದಿದ್ದರೆ ಅವನು ಗೆದ್ದಂತೆಯೇ. ಗೋಡೆ ಚಿತ್ರವಾಗಿ ಉಳಿಯುತ್ತಿತ್ತು, ಕೆಲಸ ಕೆಲಸವಾಗಿ ಉಳಿಯುತ್ತಿತ್ತು. ಆದರೆ ಆ ಹೊತ್ತಿಗೆ ಮೇಸ್ತ್ರಿಯ ಕಣ್ಣು ಒದ್ದೆಯ ಎಡ ಅಂಚಿಗೆ ಹೋಯಿತು. ತಾನು ಬಂದಾಗ ಅಂಚಿಗೂ ಏಳನೆಯ ಚಿತ್ರಕ್ಕೂ ನಡುವೆ ಒಂದು ಗೇಣಿತ್ತು. ಈಗ ನಾಲ್ಕು ಬೆರಳು. ಬಟ್ಟೆಗೆ ನೀರು ಮುಟ್ಟಿದರೆ ಕೇಳಬೇಕೆ? ಅರ್ಧ ಗಂಟೆಯಲ್ಲಿ ಆ ಕಡಲು, ಆ ಸಾವಿರ ಕಿಟಕಿ, ಆ ಬೆಳಗಿನ ಜಾವ, ಎಲ್ಲ ಕಲಸಿ ನೆಲಕ್ಕೆ ಇಳಿಯುತ್ತದೆ.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಕಡಲು ಹೋಗುತ್ತದೆ. ಮೇಸ್ತ್ರಿ ಮತ್ತೆ ಅಂಚು ನೋಡಿದ. ಮೂರು ಬೆರಳು.

"ದಾರಿ ಬಿಡಿ, ಅಜ್ಜಿ ಬಂದ್ರು!" ಎಂದರು ಯಾರೋ.

ಇಸ್ತ್ರಿ ಅಜ್ಜಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಕಂಕುಳಲ್ಲಿ ಒಂದು ಬಟ್ಟೆಯ ಸುರುಳಿ ಇಟ್ಟುಕೊಂಡು ನಿಧಾನವಾಗಿ ಬಂದಳು. ಗೋಡೆಯ ಮುಂದೆ ನಿಂತಳು. ಬೆರಳಿನಿಂದ ಮುಟ್ಟಿದಳು, ಮೂಸಿ ನೋಡಿದಳು.

"ಚೆನ್ನಾಗಿದೆ," ಎಂದಳು. "ಯಾರು ಮಾಡಿದ್ದು?"

"ನೀವೇ ಅಲ್ವಾ ಅಜ್ಜಿ!" ಎಂದ ಭಾವಮೈದುನ.

"ನಾನಲ್ಲಪ್ಪ. ನನ್ನ ಎಂಟನೇದು ಇಲ್ಲಿದೆ, ಕಂಕುಳಲ್ಲಿ. ಈಗ ತಾನೇ ಒಣಗ್ತು."

"ನಾನು ಮಾಡಿದ್ದು ಅಜ್ಜಿ!" ಎಂದು ಮೇಸ್ತ್ರಿ ಕೂಗಿಯೇಬಿಟ್ಟ. "ನಾನು! ಅಲ್ಲ, ಪೈಪು ಮಾಡಿದ್ದು, ನಾನು ಮಾಡದೇ ಇದ್ದದ್ದು! ಗೋಡೆ ಒಳಗೆ ಪೈಪು ಒಡೆದಿದೆ. ಮಾಡದೇನೇ ಮಾಡಿದೀನಿ ಅಂತ ರುಜು ಹಾಕಿದೀನಿ. ಸರ್, ನನ್ನನ್ನ ಆಮೇಲೆ ಏನ್ ಬೇಕಾದ್ರೂ ಮಾಡಿ, ಮೊದಲು ಕಡಲು ಇಳಿಸಿ! ಕಡಲು ಒದ್ದೆ ಆಗುತ್ತೆ!"

ಕಡಲು ಒದ್ದೆಯಾಗುತ್ತದೆ ಎಂಬ ಮಾತಿಗೆ ಅಲ್ಲಿ ಯಾರೂ ನಗಲಿಲ್ಲ ಎಂಬುದನ್ನು ದಾಖಲಿಸಲೇಬೇಕು. ಆರು ಜನ ಒಟ್ಟಿಗೆ ಏಳನೆಯ ಚಿತ್ರಕ್ಕೆ ಕೈ ಹಾಕಿದರು. ಅದನ್ನು ಎತ್ತಿ, ಎದುರಿನ ಒಣಗೋಡೆಗೆ ಒರಗಿಸಿ ನಿಲ್ಲಿಸಿದಾಗ ಭಾವಮೈದುನ ಕಟ್ಟಿನ ಅಂಚು ಸವರಿ ನೋಡಿದ. ಒಣಗಿತ್ತು.

ಆಮೇಲೆ ಎಲ್ಲರಿಗೂ ನೆನಪಾಯಿತು, ತಾವು ಮುಕ್ಕಾಲು ಗಂಟೆ ಒಂದು ಪೈಪಿನ ಮುಂದೆ ಕಣ್ಣೀರು ಹಾಕಿದ್ದೇವೆಂದು. ಬ್ಯಾಂಕಿನ ಗುಮಾಸ್ತ ಬರೆದುಕೊಂಡ ಹಾಳೆಯನ್ನು ಮೆಲ್ಲಗೆ ಜೇಬಿಗಿಳಿಸಿದ. ಮುಖ್ಯೋಪಾಧ್ಯಾಯಿನಿ ಮಾತ್ರ, "ಪೈಪಾದ್ರೇನು, ಹೇಳಿದ್ದು ನಿಜವೇ," ಎಂದರು.

"ಎಲ್ರೀ ಆ 'ಆಮೇಲೆ' ಫೋಟೊ?" ಎಂದರು ಇಂಜಿನಿಯರು. ಅವರಿಗೆ ಈಗ ಗೋಡೆಯ ಮೇಲಿನ ಸಿಟ್ಟಿಗಿಂತ ತಾವೇ 'ಆಳ ಇದೆ' ಎಂದದ್ದರ ಸಿಟ್ಟೇ ಹೆಚ್ಚು. "ಕೊಡಿ ಇಲ್ಲಿ ಫೋನು!"

ಮೇಸ್ತ್ರಿ ಜೇಬಿನಿಂದ ಫೋನು ತೆಗೆದ. ಫೋಟೊ ಹುಡುಕಿ ಫೋನು ಚಾಚಿದ. ನಡುವೆ ಕೈ ಹಾಕಿ ತೆಗೆದುಕೊಂಡವಳು ಅಜ್ಜಿ. ಒಂದು ಫೋಟೊ ನೋಡಿದಳು. ಬೆರಳು ತಾಗಿ ಇನ್ನೊಂದು ಬಂತು. ಮತ್ತೊಂದು. ಅವಳು ಸುರುಳಿಯನ್ನು ನೆಲಕ್ಕಿಟ್ಟು ಕುರ್ಚಿಯ ಮೇಲೆ ಕೂತಳು.

"ಯಾರಪ್ಪಾ ಇವರೆಲ್ಲ?"

"ಅಳತೆಗೆ ನಿಂತವರು ಅಜ್ಜಿ."

ಅವಳು ಇನ್ನೊಂದನ್ನು ಸರಿಸಿದಳು. ಜನ ಅವಳ ಹೆಗಲ ಮೇಲಿಂದ ಬಗ್ಗಿದರು. ಗೋಡೆಯ ತುಂಬ ಕರಿಮೋಡದಂಥ ಒದ್ದೆ, ಕೆಳಗೆ ಮೂಲೆಯಲ್ಲಿ ಮೊಮ್ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಮುದುಕ. ಹಬೆಯಂಥ ಬಿಳಿ ಉಪ್ಪು ಹೂವಾಗಿ ಅರಳಿದ ಗೋಡೆ, ಅದರ ಪಕ್ಕ ಎದೆ ಸೆಟೆಸಿ ನಿಂತ ಅಂಚೆಯವನು. ಬಿರುಕು ಮಿಂಚಿನ ಹಾಗೆ ಇಳಿದ ಅಡಿಗೆಮನೆ, ಹಿಟ್ಟಿನ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ ಹೆಂಗಸು. ನಗಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತಮ್ಮ ಫೋಟೊ ತೆಗೆಯುತ್ತಿದ್ದಾರೆಂದು ಅವರು ಅಂದುಕೊಂಡೇ ಇರಲಿಲ್ಲ. ಗೋಡೆಗೆ ಸ್ವಲ್ಪ ಸಹಾಯ ಮಾಡುವವರ ಹಾಗೆ ನಿಂತಿದ್ದರು. ಸಾವಿರಾರು ಜನ, ಒಬ್ಬೊಬ್ಬರ ಹಿಂದೆಯೂ ಒಂದೊಂದು ಆಕಾಶ.

"ಇದು ನಮ್ಮಮ್ಮ!" ಮುಖ್ಯೋಪಾಧ್ಯಾಯಿನಿಯ ದನಿ ಒಡೆಯಿತು. "ಹೋಗಿ ಆರು ವರ್ಷ ಆಯ್ತು... ಕೈಯಲ್ಲಿ ನೋಡಿ, ನನ್ನ ಊಟದ ಡಬ್ಬಿ. ಅವತ್ತು ನಾನು ಬಿಟ್ಟು ಹೋಗಿದ್ದೆ."

"ನಮ್ಮಣ್ಣ, ನಮ್ಮಣ್ಣ! ಕಾಲು ಮುರಿಯೋ ಮುಂಚೆ!" ಎಂದರು ಔಷಧಿ ಅಂಗಡಿಯವರು.

ಆಮೇಲೆ ಬಂದ ಫೋಟೊದಲ್ಲಿ ಹರಕು ಬನಿಯನ್ನು, ಹಲ್ಲುಜ್ಜುವ ಬ್ರಷ್ಷು ಸಮೇತ, ನೊರೆ ಮೆತ್ತಿದ ಬಾಯಿಯ ದೊಡ್ಡ ಇಂಜಿನಿಯರೇ ನಿಂತಿದ್ದರು. ಹಿಂದಿನ ಗೋಡೆಯಲ್ಲಿ ಒದ್ದೆ ಎರಡು ರೆಕ್ಕೆಯಂತೆ ಅವರ ಭುಜಗಳಿಂದ ಹರಡಿತ್ತು. ಯಾರೂ ನಗಲಿಲ್ಲ, ಸ್ವತಃ ಅವರೂ ಬಗ್ಗಿ ಬಹಳ ಹೊತ್ತು ನೋಡಿದರು.

"ನಾನು ಹೀಗಿದೀನಾ?" ಎಂದು ಮೆಲ್ಲಗೆ ಕೇಳಿದರು.

"ಅವತ್ತು ಬೆಳಿಗ್ಗೆ ಹಾಗಿದ್ರಿ ಸರ್."

ಇಂಜಿನಿಯರು ನೆಟ್ಟಗಾದರು. "ನಾಳೆ ಹತ್ತು ಗಂಟೆಗೆ ನನ್ನ ಮೇಜಿನ ಮೇಲೆ ಲಿಖಿತ ವಿವರಣೆ ಇರಬೇಕು. ಒಂದು ವರ್ಷ ಬಡ್ತಿ ಇಲ್ಲ. ಈಗ ಹೋಗಿ ಏಣಿ ತನ್ನಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಫೋಟೊ ನನಗೊಂದು ಕಳಿಸಿ. ನಮ್ಮ ಮನೆಯವರಿಗೆ ತೋರಿಸ್ತೀನಿ."

ಕೆಲಸ ಉಳಿಯಿತೆಂದು ಅರ್ಥವಾಗಲು ಮೇಸ್ತ್ರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ಒದ್ದೆ ಗೋಡೆಗೇ ಒರಗಿಕೊಂಡ.

ಅಜ್ಜಿ ಇನ್ನೂ ಫೋನು ಬಿಟ್ಟಿರಲಿಲ್ಲ. ಒಂದು ಫೋಟೊದ ಮೇಲೆ ಬೆರಳು ನಿಂತಿತ್ತು. ಬಚ್ಚಲ ಗೋಡೆ, ಒದ್ದೆ ತಲೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಚೊಂಬು, ಕಣ್ಣಲ್ಲಿ 'ಬೇಗ ಮುಗಿಸಿ' ಎಂಬ ಸಿಟ್ಟು.

"ಇವಳ್ಯಾರು?"

"ನನ್ನ ಹೆಂಡತಿ, ಅಜ್ಜಿ."

"ಎಲ್ಲರ ಪಕ್ಕದಲ್ಲೂ ಗೋಡೆ ದೊಡ್ಡದಾಗಿ ಕಾಣುತ್ತೆ. ಇವಳ ಪಕ್ಕ ಗೋಡೆ ಸಣ್ಣದಾಗಿಬಿಟ್ಟಿದೆಯಲ್ಲೋ!"

ಮೇಸ್ತ್ರಿ ಬಗ್ಗಿ ನೋಡಿದ. ಆ ಫೋಟೊವನ್ನು ಅವನು ನೂರು ಸಲ ನೋಡಿದ್ದ, ಬಿರುಕಿನ ಅಳತೆಗೆ. ಈಗ ಬಿರುಕು ಎಲ್ಲಿದೆಯೆಂದು ಹುಡುಕಬೇಕಾಯಿತು. ಗುಂಪಿನ ಹಿಂದೆ ನಿಂತವಳು ಕಟ್ಟಿದ ಕೈ ಬಿಚ್ಚಿದ್ದಳು.

ಅಜ್ಜಿ ಎದ್ದಳು. ಎದುರು ಗೋಡೆಗೆ ಒರಗಿದ ಕಡಲನ್ನು ತೋರಿಸಿದಳು. "ಇದು ನನಗೆ ಕಂಡದ್ದು ಒಂದು ಗಳಿಗೆ, ಆವಿಯೊಳಗೆ. ಕಂಡದ್ದನ್ನ ಬರೆದೆ. ಆದ್ರೆ ಎಷ್ಟು ದೊಡ್ಡದು ಅಂತ ನನಗೇ ಇವತ್ತಿನವರೆಗೂ ಗೊತ್ತಿಲ್ಲಪ್ಪ. ಅಲ್ಲಿ ಯಾರೂ ಇರಲಿಲ್ಲ. ನಿನ್ನ ಕೆಲಸ ನೀನು ಮಾಡು. ಯಾರನ್ನಾದ್ರೂ ನಿಲ್ಲಿಸು."

ಮೇಸ್ತ್ರಿ ಫೋನು ತೆಗೆದುಕೊಂಡು ಕೋಣೆಯೆಲ್ಲ ಸುತ್ತ ನೋಡಿದ. ಭಾವಮೈದುನ ಆಗಲೇ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದ. ಮೇಸ್ತ್ರಿ ಅವನನ್ನು ದಾಟಿ ಹೋಗಿ ಹೆಂಡತಿಯ ಮುಂದೆ ನಿಂತ.

"ಬಾರೇ."

"ಮತ್ತೆ ಅಳತೆಗಾ?"

"ಹೂಂ. ಅಷ್ಟು ದೊಡ್ಡದರ ಪಕ್ಕ ನಿಲ್ಲಿಸೋಕೆ ಬೇರೆ ಯಾರಿದ್ದಾರೆ ನನಗೆ?"

ಅವಳು ಹೋಗಿ ಕಡಲಿನ ಮುಂದೆ ನಿಂತಳು, ಸಾವಿರ ಕಿಟಕಿಗಳ ಬೆಳಕು ಬೆನ್ನಿಗಿಟ್ಟು, ಐದಡಿ ಎರಡಂಗುಲ. ಮೇಸ್ತ್ರಿ ಫೋನು ಎತ್ತಿದ, ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಹೆಜ್ಜೆ. ಅವನ ಬೆನ್ನ ಹಿಂದೆ ಒದ್ದೆಯಾಗಿ ಮೆತ್ತಗಾದ ಎಂಟನೆಯ ಚೀಟಿ ಗೋಡೆಯಿಂದ ಬಿಟ್ಟುಕೊಂಡು, ಅವನ ಚಪ್ಪಲಿಯ ಪಕ್ಕ ಸದ್ದಿಲ್ಲದೆ ಬಿತ್ತು. ಅವನು ತಿರುಗಿ ನೋಡಲಿಲ್ಲ.